ಸಹಾಯ ಬೇಕು: ಟೆಕ್ಸಸ್‌ಗೆ ಬರುತ್ತಿರುವ ಮಗುವಿನ ದಡಾರ ಲಸಿಕೆಯ ಬಗ್ಗೆ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಯ ಕುಟುಂಬ ಮುಂದಿನ ತಿಂಗಳು ಮೈಸೂರಿನಿಂದ ಇಲ್ಲಿನ ಲಬಕ್‌ಗೆ ಬರುತ್ತಿದೆ. ಅವಳ ಹತ್ತು ತಿಂಗಳ ಮಗುವಿಗೆ ಒಂಬತ್ತು ತುಂಬಿದಾಗ ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸ್ ಹಾಕಿಸಿದ್ದು, ತಾಯಿ ಕಾರ್ಡಿನಲ್ಲಿ ದಿನಾಂಕವೂ ಮುದ್ರೆಯೂ ಇವೆ. ಆದರೆ ಮೊದಲ ಹುಟ್ಟುಹಬ್ಬಕ್ಕೆ ಮುಂಚಿನ ಡೋಸನ್ನು ಅಮೆರಿಕದಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲವಾದ್ದರಿಂದ, ಮಂಗನಬಾವಿಗೂ ರಕ್ಷಣೆ ನೀಡುವ ಎಂಎಂಆರ್ ಲಸಿಕೆಯನ್ನು ವರ್ಷ ತುಂಬಿದ ಮೇಲೆ ಹಾಕಿಸಬೇಕು.

ಲಸಿಕೆಯಿಂದ ಆಟಿಸಂ ಬರುತ್ತದೆಂಬ ವಿಡಿಯೊ ನೋಡಿ ತಂಗಿಯ ಯಜಮಾನರು ಇದಕ್ಕೆ ಹಿಂಜರಿಯುತ್ತಿದ್ದಾರೆ. ಆ ಮಾತಿಗೆ ಮೂಲವಾದ 1998ರ ಲೇಖನವನ್ನು ಅದನ್ನು ಪ್ರಕಟಿಸಿದ್ದ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತೆಂದು ಹೇಳಿದ್ದೇನೆ. ಲಬಕ್‌ನಿಂದ ದೂರವಿಲ್ಲದ ಗೇನ್ಸ್ ಕೌಂಟಿಯಲ್ಲಿ 2025ರ ಜನವರಿಯಲ್ಲಿ ಕಾಣಿಸಿಕೊಂಡ ದಡಾರ ಪಶ್ಚಿಮ ಟೆಕ್ಸಸ್‌ನಲ್ಲಿ ಹಬ್ಬಿ, 762 ಜನರಿಗೆ ತಗುಲಿ, ಲಸಿಕೆ ಪಡೆಯದ ಇಬ್ಬರು ಮಕ್ಕಳನ್ನು ಬಲಿ ತೆಗೆದುಕೊಂಡದ್ದನ್ನೂ ತಿಳಿಸಿದ್ದೇನೆ. ಮಗುವಿನ ಮೇಲಿನ ಕಾಳಜಿಯಿಂದಲೇ ಅವರು ಹೆದರಿದ್ದಾರೆ. ವಾದ ಮಾಡಿ ಅವರನ್ನು ನೋಯಿಸಲು ನನಗೆ ಮನಸ್ಸಿಲ್ಲ.

ಅವರೊಂದಿಗೆ ಫೋನಿನಲ್ಲಿ ಕನ್ನಡದಲ್ಲೇ ಸಮಾಧಾನವಾಗಿ ಮಾತನಾಡಬಲ್ಲ ಮಕ್ಕಳ ತಜ್ಞರು ಬಳಗದಲ್ಲಿದ್ದರೆ ದಯವಿಟ್ಟು ತಿಳಿಸಿ. ಹಾಗೆಯೇ, ಭಾರತದಲ್ಲಿ ಮೊದಲ ಡೋಸ್ ಪಡೆದ ಮಕ್ಕಳನ್ನು ಕರೆತಂದವರು, ಇಲ್ಲಿನ ಕ್ಲಿನಿಕ್‌ನವರು ತಾಯಿ ಕಾರ್ಡನ್ನು ಒಪ್ಪಿದರೇ ಅಥವಾ ಇಂಗ್ಲಿಷ್ ಪ್ರಮಾಣಪತ್ರ ಕೇಳಿದರೇ ಎಂಬುದನ್ನು ತಿಳಿಸಬೇಕಾಗಿ ವಿನಂತಿ.