ಬಂಕಿನಲ್ಲಿ ಡೀಸೆಲ್ ಇಲ್ಲ. ಬಾಂಬೆ ಹೈ ಬತ್ತಿದ್ದಕ್ಕಾ?

ರೋಣದ ರೈತ | 19 ಜೂನ್ 2022
ನಮ್ಮದು ರೋಣ ತಾಲ್ಲೂಕಿನ ಹಳ್ಳಿ. ಹೆಸರು ಬಿತ್ತನೆ ನಡೀತಿದೆ. ನೆಲ ಹದಕ್ಕೆ ಬಂದಿದೆ, ಟ್ರ್ಯಾಕ್ಟರ್‌ಗೆ ಡೀಸೆಲ್ ಇಲ್ಲ. ಹತ್ತಿರದ ಬಂಕಿನಲ್ಲಿ 'ನೋ ಸ್ಟಾಕ್' ಬೋರ್ಡು. ಇನ್ನೊಂದರಲ್ಲಿ ಸಾಲು ನಿಂತರೆ, ಕ್ಯಾನಿಗೆ ಹಾಕಲ್ಲ ಅಂತಾರೆ. ದೇಶದಲ್ಲಿ ಎಣ್ಣೆ ಉತ್ಪಾದನೆ ಇಳೀತಿದೆ, ಬಾಂಬೆ ಸಮುದ್ರದ ಬಾವಿ ಬತ್ತಿದೆ, ಅದಕ್ಕೇ ಹೀಗೆ ಅಂತ ನಮ್ಮ ಕಾಕಾ ಹೇಳ್ತಾರೆ. ನಿಜವೇ?

ಕಾರವಾರದವ
ಮುಂಬೈ ಸಮುದ್ರದ ಎಣ್ಣೆ ಕ್ಷೇತ್ರ ಬಾಂಬೆ ಹೈನಲ್ಲಿ ಪ್ಲಾಟ್‌ಫಾರ್ಮ್ ಮೇಲೆ ದುಡಿದು ಬಂದವನು ನಾನು. ನಿಮ್ಮ ಕಾಕಾ ಹೇಳಿದ್ದರಲ್ಲಿ ಅರ್ಧ ಸರಿ. 1974ರಲ್ಲಿ ಸಿಕ್ಕ ಕ್ಷೇತ್ರ ಅದು, 1976ರಿಂದ ಎಣ್ಣೆ ತೆಗೆಯುತ್ತಿದ್ದಾರೆ. ಈಗ ಒತ್ತಡ ಉಳಿಸಲು ಒಳಗೆ ನೀರು ತಳ್ಳುತ್ತಾರೆ, ಮೇಲೆ ಬರುವುದರಲ್ಲೂ ನೀರೇ ಜಾಸ್ತಿ. ರಾಜಸ್ಥಾನದ ಬಾಡಮೇರಿನಲ್ಲಿ 2009ರಲ್ಲಿ ಎಣ್ಣೆ ತೆಗೆಯಲು ಶುರು ಮಾಡಿದಾಗ ಸ್ವಲ್ಪ ಉಸಿರಾಡಿದೆವು, ಈಗ ಅದೂ ಇಳಿಯುತ್ತಿದೆ. 2011-12ರಲ್ಲಿ ದೇಶದ ಕಚ್ಚಾ ತೈಲ ಸುಮಾರು 3.8 ಕೋಟಿ ಟನ್, ಕಳೆದ ವರ್ಷ 3 ಕೋಟಿಗೂ ಕಡಿಮೆ.

ಆದರೆ ನಾವು ಬಳಸುವುದು ವರ್ಷಕ್ಕೆ 20 ಕೋಟಿ ಟನ್. ನೂರಕ್ಕೆ 85 ಪಾಲು ಹೊರಗಿನ ಕಚ್ಚಾ ತೈಲವೇ, ಹಡಗಿನಲ್ಲಿ ಬರುತ್ತದೆ. ಮಂಗಳೂರಿನ ಎಂಆರ್‌ಪಿಎಲ್ ಸೇರಿ ನಮ್ಮ ರಿಫೈನರಿಗಳು ಡೀಸೆಲ್ ಮಾಡಿ ಹೊರದೇಶಕ್ಕೂ ಮಾರುತ್ತವೆ. ಹಾಗಾಗಿ ನಿಮ್ಮ ಬಂಕ್ ಖಾಲಿಯಾಗಲು ಬಾವಿ ಕಾರಣ ಅಲ್ಲ.

ಬಂಕ್ ಲೆಕ್ಕದವ
ಮೇಲಿನವರು ಹೇಳಿದ್ದು ಸರಿ. ಗದಗ ಕಡೆ ಒಂದು ಬಂಕಿನ ಲೆಕ್ಕ ಬರೆಯುವವನು ನಾನು. ಬೈಗುಳ ತಿನ್ನುವವನೂ ನಾನೇ.

ಏಪ್ರಿಲ್ 6ರ ನಂತರ ಸರಕಾರಿ ತೈಲ ಕಂಪನಿಗಳು ಬೆಲೆ ಏರಿಸಿಲ್ಲ. ಹೊರಗೆ ಕಚ್ಚಾ ತೈಲ ಬ್ಯಾರೆಲಿಗೆ 120 ಡಾಲರ್ ಆಸುಪಾಸು. ಮಾರಿದಷ್ಟೂ ನಷ್ಟ. ಖಾಸಗಿ ಬಂಕುಗಳು ಕೆಲವು ಬಾಗಿಲು ಹಾಕಿದವು, ಕೆಲವು ದರ ಏರಿಸಿ ಕೂತಿವೆ. ಅಲ್ಲಿಯ ಗಿರಾಕಿ ಎಲ್ಲ ನಮ್ಮ ಕಡೆ ಬಂದರು. ದೊಡ್ಡ ಗಿರಾಕಿಗಳು ಕಂಪನಿಯಿಂದ ನೇರ ಕೊಳ್ಳುವ ಸಗಟು ಡೀಸೆಲ್ ಬಂಕಿನ ದರಕ್ಕಿಂತ ತುಂಬ ದುಬಾರಿ, ಹಾಗಾಗಿ ಕ್ವಾರಿ ಲಾರಿ, ಫ್ಯಾಕ್ಟರಿಯವರೂ ನಮ್ಮ ನಾಜಲ್ ಮುಂದೆಯೇ. ಒಂದು ಟಿಪ್ಪರ್ ತುಂಬಿಸುವಷ್ಟರಲ್ಲಿ ಎಷ್ಟು ಟ್ರ್ಯಾಕ್ಟರ್ ಕಾಯಬೇಕು ಹೇಳಿ.

ಡೀಲರ್ ಕಥೆ ಬೇರೆ. ಮೊದಲು ಸಾಲದ ಮೇಲೆ ಲೋಡ್ ಬರುತ್ತಿತ್ತು. ಈಗ ನಮ್ಮ ಕಂಪನಿ ಹಣ ಮೊದಲು ಅನ್ನುತ್ತದೆ. ಮೇ 21ರಂದು ಕೇಂದ್ರ ಡೀಸೆಲ್ ಸುಂಕ 6 ರೂಪಾಯಿ ಇಳಿಸಿತಲ್ಲ, ನೀವೆಲ್ಲ ಖುಷಿಪಟ್ಟಿರಿ. ಟ್ಯಾಂಕಿನಲ್ಲಿ ಹಳೆ ಸುಂಕ ಕಟ್ಟಿ ತಂದ ಹತ್ತು ಸಾವಿರ ಲೀಟರ್ ಇದ್ದ ಡೀಲರ್‌ಗೆ ಒಂದೇ ರಾತ್ರಿ 60 ಸಾವಿರ ಹೋಯಿತು. ಅಂದಿನಿಂದ ಯಾರೂ ಟ್ಯಾಂಕ್ ತುಂಬಿಸಿ ಇಡಲ್ಲ. ಹುಬ್ಬಳ್ಳಿ-ಧಾರವಾಡದ ನವಲೂರು ಎಣ್ಣೆ ಡಿಪೊದಿಂದ ಟ್ಯಾಂಕರ್ ಹೊರಟರೆ ಹೈವೇ ಬಂಕುಗಳಿಗೆ ಮೊದಲು, ಒಳಗಿನ ಹಳ್ಳಿಗೆ ಆಮೇಲೆ. ಮಾರಾಟ ಕಡಿಮೆ ಇರುವ ಕಡೆ ಯಾರಿಗೆ ಅವಸರ?

ಮೊನ್ನೆ 17ಕ್ಕೆ ಸರಕಾರ ಖಾಸಗಿಯವರೂ ಬಂಕ್ ಮುಚ್ಚುವಂತಿಲ್ಲ, ದೂರದ ಊರಲ್ಲೂ ಸ್ಟಾಕ್ ಇಡಲೇಬೇಕು ಅಂತ ಆದೇಶ ಮಾಡಿದೆ. ನಷ್ಟ ಯಾರು ತುಂಬುತ್ತಾರೋ ನೋಡೋಣ.

ರೋಣದ ರೈತ
ಅಣ್ಣಾ, ಕ್ಯಾನಿನ ವಿಷಯ? ಹೊಲದಲ್ಲಿ ನಿಂತ ಟ್ರ್ಯಾಕ್ಟರ್ ಬಂಕಿಗೆ ಹೇಗೆ ತರೋದು?

ಬಂಕ್ ಲೆಕ್ಕದವ
ಪೆಟ್ರೋಲಿಗೆ ನಿಯಮ ಬಿಗಿ. ಡೀಸೆಲ್ ಹಾಗಲ್ಲ. 2500 ಲೀಟರ್‌ವರೆಗೆ ಲೈಸೆನ್ಸ್ ಬೇಡ, ಒಂದೊಂದು ಡ್ರಮ್ಮು ಸಾವಿರ ಲೀಟರ್ ಮೀರಬಾರದು ಅಷ್ಟೇ. ಕ್ಯಾನಿಗೆ ಇಲ್ಲ ಅನ್ನುವುದು ಸ್ಟಾಕ್ ಉಳಿಸಲು, ಕಾಳಸಂತೆಗೆ ಹೋಗದಿರಲು. ಪಹಣಿ ಪ್ರತಿ ತೋರಿಸಿ ಕೇಳಿ. ಮುಚ್ಚಳ ಬಿಗಿ ಇರುವ ಕಬ್ಬಿಣದ ಕ್ಯಾನ್ ತನ್ನಿ. ಟ್ಯಾಂಕರ್ ಯಾವಾಗ ಬರುತ್ತದೆ ಅಂತ ಬಂಕಿನ ಹುಡುಗರಿಗೆ ಫೋನ್ ಮಾಡಿ, ಮಾಲೀಕರಿಗಿಂತ ಅವರಿಗೇ ಚೆನ್ನಾಗಿ ಗೊತ್ತು.