ಬಾಗಿಲು ಮುಚ್ಚಿಕೊಂಡ ತಮ್ಮ: ಓದುಗರ ಸ್ಪಂದನ

ಕಳೆದ ಬಾರಿಯ ಸಮಸ್ಯೆ: ಕೆಲಸ ಬಿಟ್ಟ ತಮ್ಮ (29) ಹದಿನಾಲ್ಕು ತಿಂಗಳಿಂದ ಕೋಣೆ ಬಿಟ್ಟು ಬರುತ್ತಿಲ್ಲ. ‘ಏಕಾಂತ ಬೇಕು, ಸನ್ಯಾಸಿಗಳು ಇರಲಿಲ್ಲವೇ’ ಎನ್ನುತ್ತಾನೆ. ಅಪ್ಪ ಬಾಗಿಲು ಒಡೆಸುತ್ತೇನೆಂದು ಕೂತಿದ್ದಾರೆ. ಏನು ಮಾಡಲಿ?

ಅಕ್ಕ, ದಯವಿಟ್ಟು ಅಪ್ಪನನ್ನು ತಡೆಯಿರಿ. ನಾನೂ ಎರಡು ವರ್ಷ ಹಾಗೇ ಕೂತವನು. ನೋಡುವವರಿಗೆ ಸೋಮಾರಿತನ, ಒಳಗಿದ್ದವನಿಗೆ ನಾಚಿಕೆಯ ಮೇಲೆ ನಾಚಿಕೆ. ಒಂದು ವಾರ ಫೋನ್ ಎತ್ತದಿದ್ದರೆ ಎಂಟನೇ ದಿನ ಯಾಕೆಂದು ಹೇಳಬೇಕಾಗುತ್ತದೆ. ಆರು ತಿಂಗಳಾದರೆ ಹೇಳಲು ಕಾರಣವೇ ಉಳಿದಿರುವುದಿಲ್ಲ. ಮನೆಗೆ ಯಾರಾದರೂ ಬಂದರೆ ಅವರು ಹೊರಡುವವರೆಗೆ ಬಾತ್‌ರೂಮಿಗೂ ಹೋಗದೆ ಕಾಯುತ್ತಿದ್ದೆ. ಅಣ್ಣ ಒಂದು ದಿನ ಸಿಟ್ಟಿನಲ್ಲಿ ಚಿಲಕ ಕಿತ್ತ. ಅಲ್ಲಿಯವರೆಗೆ ಆಡುತ್ತಿದ್ದ ನಾಲ್ಕು ಮಾತೂ ಅವತ್ತಿಗೆ ನಿಂತವು.

ಅಮ್ಮ ಮಾತ್ರ ದಿನಾ ಸಂಜೆ ಬಾಗಿಲ ಹೊರಗೆ ಕೂತು ಅವತ್ತು ನಡೆದದ್ದನ್ನು ಹೇಳುತ್ತಿದ್ದರು. ಉತ್ತರ ಕೇಳುತ್ತಿರಲಿಲ್ಲ. ಕೆಲಸ, ಮದುವೆ, ಓರಗೆಯವರ ಸಂಬಳ ಯಾವುದನ್ನೂ ಎತ್ತುತ್ತಿರಲಿಲ್ಲ. ಮೂರ್ನಾಲ್ಕು ತಿಂಗಳಾದ ಮೇಲೆ ನಾನೇ ಒಳಗಿನಿಂದ ಏನೋ ಕೇಳಿದೆ. ಆಮೇಲೆ ರಾತ್ರಿ ಬೀದಿ ಖಾಲಿಯಾದ ಮೇಲೆ ಇಬ್ಬರೂ ನಡೆಯಲು ಹೋಗತೊಡಗಿದೆವು. ಮನೋವೈದ್ಯರನ್ನು ಕಂಡದ್ದು ಅದಕ್ಕೂ ತಡವಾಗಿ. ಖಿನ್ನತೆಯಿತ್ತು. ಔಷಧ, ಆಪ್ತಸಮಾಲೋಚನೆ ಎರಡೂ ಬೇಕಾದವು.
– ಹೆಸರು ಬೇಡ

ತಮ್ಮ ಸನ್ಯಾಸಿಗಳ ಮಾತೆತ್ತಿದ್ದು ಒಳ್ಳೆಯದೇ, ಅದನ್ನೇ ಹಿಡಿದು ಮಾತಾಡಿಸಿ. 1084ರಲ್ಲಿ ಫ್ರಾನ್ಸಿನ ಬೆಟ್ಟಗಳಲ್ಲಿ ಶುರುವಾದ ಕಾರ್ತೂಸಿಯನ್ ಎಂಬ ಕ್ರೈಸ್ತ ಪಂಥದ ಸನ್ಯಾಸಿ ದಿನದ ಬಹುಪಾಲು ಒಬ್ಬನೇ ಇರುತ್ತಾನೆ, ಊಟವೂ ಗೋಡೆಯ ಕಿಂಡಿಯಿಂದಲೇ. ಅವರೂ ವಾರಕ್ಕೊಮ್ಮೆ ಒಟ್ಟಿಗೆ ದೂರ ನಡೆಯುತ್ತಾರೆ, ಮನಬಿಚ್ಚಿ ಮಾತಾಡುತ್ತಾರೆ. ಮಧ್ಯಯುಗದ ಯುರೋಪಿನಲ್ಲಿ ಚರ್ಚಿಗೆ ತಾಗಿದ ಕೋಣೆಯೊಳಗೆ ಜೀವಮಾನವಿಡೀ ಉಳಿದವರಿದ್ದರು. ಆ ಕೋಣೆಗೂ ಹೊರಗಿನವರ ಜೊತೆ ಮಾತಾಡಲು ಕಿಟಕಿಯಿರುತ್ತಿತ್ತು. ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಹಾಗೆ ಉಳಿದಿದ್ದ ಜೂಲಿಯನ್ ಎಂಬಾಕೆಯ ಬಳಿ ಸಲಹೆ ಕೇಳಿಕೊಂಡೇ ಬಂದವರಿದ್ದಾರೆ. ನಿಮ್ಮ ತಮ್ಮನ ಏಕಾಂತಕ್ಕೆ ಕಿಟಕಿ ಯಾವುದು?
– ನಿವೃತ್ತ ಇತಿಹಾಸ ಅಧ್ಯಾಪಕಿ

ಇದು ನಿಮ್ಮೊಬ್ಬರ ಮನೆಯ ಕಥೆಯಲ್ಲ. ಆರು ತಿಂಗಳಿಗೂ ಹೆಚ್ಚು ಕಾಲ ಹೀಗೆ ಮನೆಯೊಳಗೇ ಉಳಿಯುವುದನ್ನು ಜಪಾನಿನಲ್ಲಿ ‘ಹಿಕಿಕೊಮೊರಿ’ ಎನ್ನುತ್ತಾರೆ. 2023ರಲ್ಲಿ ಪ್ರಕಟವಾದ ಅಲ್ಲಿನ ಸರ್ಕಾರಿ ಸಮೀಕ್ಷೆಯ ಅಂದಾಜಿನಂತೆ 15ರಿಂದ 64 ವಯಸ್ಸಿನ ಸುಮಾರು 14.6 ಲಕ್ಷ ಜನ ಈ ಸ್ಥಿತಿಯಲ್ಲಿದ್ದಾರೆ. ಬಲವಂತವಾಗಿ ಕೋಣೆಯಿಂದ ಎಳೆದೊಯ್ಯುವ ಖಾಸಗಿಯವರೂ ಅಲ್ಲಿ ಹುಟ್ಟಿಕೊಂಡರು. ಹಾಗೆ ಎಳೆಸಿಕೊಂಡವರು ನ್ಯಾಯಾಲಯದ ಮೆಟ್ಟಿಲು ಹತ್ತಿದ್ದಾರೆ. ಅವನು ಬರದಿದ್ದರೆ ಮೊದಲು ನೀವು, ಅಪ್ಪ, ಅಮ್ಮ ಹೋಗಿ ಆಪ್ತಸಮಾಲೋಚಕರನ್ನು ಕಾಣಿ. ಮನೆಯವರ ಮಾತಿನ ರೀತಿ ಬದಲಾದರೆ ಒಳಗಿದ್ದವನಿಗೂ ಅದು ತಿಳಿಯುತ್ತದೆ. ಆದರೆ ಊಟ ಬಿಟ್ಟರೆ, ಸಾವಿನ ಮಾತಾಡಿದರೆ, ಯಾರೋ ಹಿಂದೆ ಬಿದ್ದಿದ್ದಾರೆ ಎಂದರೆ ಒಂದು ದಿನವೂ ಕಾಯಬೇಡಿ, ಅವತ್ತೇ ವೈದ್ಯರನ್ನು ಕರೆಯಿರಿ.
– ಮಾನಸಿಕ ಆರೋಗ್ಯ ಕಾರ್ಯಕರ್ತೆ

ಎಲ್ಲರೂ ಕಾಯಿಲೆ ಎನ್ನುವ ಮೊದಲು ನನ್ನದೊಂದು ಮಾತು. ಎಂಟು ವರ್ಷದಿಂದ ಒಬ್ಬಳೇ ಇದ್ದೇನೆ, ಬಯಸಿ ಇದ್ದೇನೆ. ವಾರಗಟ್ಟಲೆ ಯಾರನ್ನೂ ನೋಡದೆ ನೆಮ್ಮದಿಯಾಗಿ ನಿದ್ದೆ ಮಾಡುತ್ತೇನೆ. ಆದರೆ ಯಾವತ್ತು ಮನಸ್ಸಾದರೂ ಚಪ್ಪಲಿ ಮೆಟ್ಟಿ ಹೊರಟುಬಿಡಬಲ್ಲೆ. ನಿಮ್ಮ ತಮ್ಮನಿಗೆ ಹಾಗೆ ಹೊರಡಲು ಆಗುತ್ತದೆಯೇ? ಜಗಳದ ನಡುವೆ ಬೇಡ, ಅವನು ಸಮಾಧಾನದಲ್ಲಿರುವಾಗ ಇದೊಂದನ್ನು ಕೇಳಿ ನೋಡಿ.
– ಒಂಟಿಯಾಗಿರುವ ಓದುಗಿ