ಗೋಡೆ ಬೇಕೆಂದವರು ಯಾರು?

ಚಿಕ್ಕಪ್ಪ: (ಫಾರ್ವರ್ಡ್ ಸಂದೇಶ) ಧರ್ಮವನ್ನು ಸರ್ಕಾರದಿಂದ ಬೇರ್ಪಡಿಸಬೇಕೆಂಬುದು ದೇವರನ್ನು ನಂಬದ ಯುರೋಪಿನ ಬುದ್ಧಿಜೀವಿಗಳು ಹೂಡಿದ ಸಂಚು. ಹತ್ತು ಜನರಿಗೆ ಕಳುಹಿಸಿ.

ನಾನು: ಇದು ಸುಳ್ಳು, ಚಿಕ್ಕಪ್ಪ. 1689ರಲ್ಲಿ ಸಹಿಷ್ಣುತೆಯ ಬಗ್ಗೆ ಪತ್ರ ಪ್ರಕಟಿಸಿದ ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ ದೈವಭಕ್ತ. ದಂಡಕ್ಕೆ ಹೆದರಿ ನಾಲಿಗೆ ಬಗ್ಗೀತು, ನಂಬಿಕೆ ಹುಟ್ಟದು ಎಂಬುದೇ ಅವನ ವಾದದ ತಿರುಳು.

ಅಕ್ಕ: ನಾಸ್ತಿಕರನ್ನು ಸಹಿಸಬಾರದು ಎಂದವನೂ ಅವನೇ. ಅದನ್ನೂ ಹೇಳು.

ನಾನು: ಹೌದು, ಆ ಮಾತು ತಪ್ಪು. ಆದರೆ ನಾಸ್ತಿಕರ ಸಂಚಾಗಿದ್ದರೆ ನಾಸ್ತಿಕರನ್ನೇ ಹೊರಗಿಡುತ್ತಿದ್ದನೇ?

ಚಿಕ್ಕಪ್ಪ: ಲಾಕ್ ಇರಲಿ. ಫ್ರಾನ್ಸಿನ ಲೇಖಕ ವೋಲ್ಟೇರ್, ಅಮೆರಿಕದ ನಾಯಕ ಜೆಫರ್ಸನ್ ಇವರಿಗೆ ಪಾದ್ರಿಗಳನ್ನು ಕಂಡರೆ ಆಗುತ್ತಿರಲಿಲ್ಲ. ಇದಕ್ಕೇನು ಹೇಳುತ್ತೀಯ?

ನಾನು: ಆಗುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಜೆಫರ್ಸನ್ ಒಬ್ಬನೇ ಗೆದ್ದನೇ? ಅಮೆರಿಕದ ವರ್ಜೀನಿಯಾದಲ್ಲಿ ಆಗ ಇಂಗ್ಲೆಂಡಿನ ಚರ್ಚೇ ಸರ್ಕಾರಿ ಚರ್ಚು. ಅನುಮತಿ ಪತ್ರವಿಲ್ಲದೆ ಬೋಧಿಸಿದ, ಆ ಚರ್ಚಿಗೆ ಸೇರದ ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಥದ ಬೋಧಕರನ್ನು ಸೆರೆಗೆ ತಳ್ಳುತ್ತಿದ್ದರು. ಕೆಲವರು ಸೆರೆಮನೆಯ ಕಿಟಕಿಯಿಂದಲೇ ಹೊರಗೆ ನೆರೆದವರಿಗೆ ಉಪದೇಶ ಮಾಡಿದರು. 1784ರಲ್ಲಿ ಅಲ್ಲಿನ ನಾಯಕ ಪ್ಯಾಟ್ರಿಕ್ ಹೆನ್ರಿ ಕ್ರೈಸ್ತ ಬೋಧಕರಿಗಾಗಿ ತೆರಿಗೆ ವಿಧಿಸಲು ಹೊರಟಾಗ ಅದನ್ನು ವಿರೋಧಿಸಿ ಸಹಿ ಹಾಕಿದ ಸಾವಿರಾರು ಜನರಲ್ಲಿ ಬ್ಯಾಪ್ಟಿಸ್ಟರು, ಇನ್ನೊಂದು ಕ್ರೈಸ್ತ ಪಂಥವಾದ ಪ್ರೆಸ್ಬಿಟೇರಿಯನ್ನರು ತುಂಬಿದ್ದರು. 1786ರಲ್ಲಿ ಧಾರ್ಮಿಕ ಸ್ವಾತಂತ್ರ್ಯದ ಕಾನೂನು ಅಂಗೀಕಾರವಾದಾಗ ಅದರ ಕರಡು ಬರೆದ ಜೆಫರ್ಸನ್ ಪ್ಯಾರಿಸ್‌ನಲ್ಲಿದ್ದ. ಶಾಸನಸಭೆಯಲ್ಲಿ ಅದನ್ನು ದಡ ಸೇರಿಸಿದವನು ಅವನ ಗೆಳೆಯ ಮ್ಯಾಡಿಸನ್.

ಅತ್ತೆ: ಆ ತೆರಿಗೆ ಯಾವ ಚರ್ಚಿಗೆ ಹೋಗಬೇಕೆಂದು ಕಟ್ಟುವವನೇ ಹೇಳಬಹುದಿತ್ತಲ್ಲವೇ? ಅದರಲ್ಲಿ ತಪ್ಪೇನು?

ನಾನು: ಒಳ್ಳೆಯ ಪ್ರಶ್ನೆ, ಅತ್ತೆ. ಮ್ಯಾಡಿಸನ್ 1785ರ ಮನವಿಯಲ್ಲಿ ಇದಕ್ಕೇ ಉತ್ತರಿಸಿದ. ಎಲ್ಲ ಧರ್ಮಗಳನ್ನು ಬಿಟ್ಟು ಕ್ರೈಸ್ತ ಧರ್ಮವನ್ನು ಆರಿಸುವ ಅಧಿಕಾರ, ನಾಳೆ ಕ್ರೈಸ್ತರೊಳಗೇ ಒಂದು ಪಂಥವನ್ನು ಆರಿಸೀತು. ಇಂದು ಮೂರು ಪೆನ್ಸ್ ಕಿತ್ತುಕೊಳ್ಳಬಲ್ಲ ಕೈ ನಾಳೆ ಎಲ್ಲ ವಿಷಯದಲ್ಲೂ ತಲೆಬಾಗಿಸೀತು. ಮೊತ್ತ ಚಿಕ್ಕದೆಂದು ಸುಮ್ಮನಿದ್ದರೆ ಹಕ್ಕೇ ಹೋಗುತ್ತದೆ, ನನಗೆ ಸಂಕಟವಾಗುವುದು ಇಲ್ಲಿಯೇ.

ಅಕ್ಕ: ಧರ್ಮಕ್ಕೂ ಸರ್ಕಾರಕ್ಕೂ ನಡುವೆ ‘ಗೋಡೆ’ ಎಂಬ ಮಾತು?

ನಾನು: 1802ರ ಜನವರಿ 1ರಂದು ಜೆಫರ್ಸನ್ ಬರೆದ ಪತ್ರದ್ದು. ಬರೆದದ್ದು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಡ್ಯಾನ್‌ಬರಿಯ ಬ್ಯಾಪ್ಟಿಸ್ಟರಿಗೆ. ನಮ್ಮ ಪೂಜೆಯ ಸ್ವಾತಂತ್ರ್ಯ ನಮಗೆ ಹಕ್ಕಾಗಿ ಸಿಕ್ಕಿಲ್ಲ, ಸರ್ಕಾರದ ಕೃಪೆಯಾಗಿ ಸಿಕ್ಕಿದೆ ಎಂದು ಅವರು ಮೊದಲು ಅವನಿಗೆ ದೂರಿಕೊಂಡಿದ್ದರು. ದೂರಿದವರು ಭಕ್ತರು, ಚಿಕ್ಕಪ್ಪ! ಆ ರಾಜ್ಯದಲ್ಲಿ ಸರ್ಕಾರಿ ಚರ್ಚು ಹೋಗಲು 1818 ಬರಬೇಕಾಯಿತು.

ಚಿಕ್ಕಪ್ಪ: ವೋಲ್ಟೇರ್ ವಿಷಯದಲ್ಲಿ ನನ್ನ ಮಾತು ಬದಲಾಗದು. ಆದರೆ ಸೆರೆಮನೆಯ ಕಿಟಕಿಯ ಸಂಗತಿ ನನಗೆ ಗೊತ್ತಿರಲಿಲ್ಲ. ಆ ಸಂದೇಶ ಕಳುಹಿಸಿದವರಿಗೆಲ್ಲ ಇದನ್ನೂ ಕಳುಹಿಸುತ್ತೇನೆ.